ಇನ್ಸುಲಿನ್, ಕೋಶಪೊರೆ ಮತ್ತು ಕೋಶದ ಬೆಳವಣಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇನ್ಸುಲಿನ್ ಎಂದ ಕೂಡಲೇ ರಕ್ತದ ಸಕ್ಕರೆ ನೆನಪಾಗುತ್ತದೆ. ಸಕ್ಕರೆ ಇಳಿಸುವುದು ಅದರ ಹಲವು ಕೆಲಸಗಳಲ್ಲಿ ಒಂದು ಮಾತ್ರ. ಅದೇ ಹಾರ್ಮೋನು ಕೋಶಪೊರೆಯ ಪಂಪುಗಳನ್ನು ಚುರುಕು ಮಾಡುತ್ತದೆ, ಪೊಟ್ಯಾಷಿಯಂ ಒಳಗೆಳೆಸುತ್ತದೆ, ಪ್ರೋಟೀನ್ ಕಟ್ಟಿಸುತ್ತದೆ, ಕೆಲವು ಸಂದರ್ಭಗಳಲ್ಲಿ ಕೋಶ ವಿಭಜನೆಗೂ ಕುಮ್ಮಕ್ಕು ಕೊಡುತ್ತದೆ. ಇವುಗಳಲ್ಲಿ ಯಾವುದು ಎಷ್ಟು ನಡೆಯುತ್ತದೆ ಎನ್ನುವುದು ಮುಖ್ಯವಾಗಿ ಇನ್ಸುಲಿನ್ ಎಷ್ಟಿದೆ, ಎಷ್ಟು ಹೊತ್ತು ಇದೆ ಎಂಬುದರ ಮೇಲೆ ನಿಂತಿದೆ. ಕೆಳಗೆ ಔಷಧದ ಪ್ರಮಾಣ ಬಂದಿರುವ ಕಡೆ ಅದು ತಿಳಿವಳಿಕೆಗಾಗಿ. ಡೋಸ್ ಬದಲಿಸುವುದಿದ್ದರೆ ನಿಮ್ಮನ್ನು ನೋಡುತ್ತಿರುವ ವೈದ್ಯರನ್ನು ಕೇಳಿಯೇ ಬದಲಿಸಿ.

ಕೆಲಸ ಮಾಡಲು ಇನ್ಸುಲಿನ್ ಕೋಶದ ಒಳಗೆ ಹೋಗಬೇಕೇ?

ಬೇಡ. ಇನ್ಸುಲಿನ್ 51 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್. 21ರದ್ದೊಂದು ಸರಪಳಿ, 30ರದ್ದೊಂದು. ಎರಡನ್ನೂ ಗಂಧಕದ ಸೇತುವೆಗಳು ಹಿಡಿದಿಟ್ಟಿವೆ. ಪುಟ್ಟದೆಂದರೂ ಅದರ ಅಣುತೂಕ ಸುಮಾರು 5,800. ನೀರಿನಲ್ಲಿ ಕರಗುವ ಈ ಗಾತ್ರದ ಅಣು ಕೊಬ್ಬಿನ ಎರಡು ಪದರಗಳಿಂದಾದ ಪೊರೆಯನ್ನು ತಾನಾಗಿ ದಾಟಲಾರದು. ಅದು ಹೊರಗೇ ನಿಂತು ಪೊರೆಯಲ್ಲಿರುವ ರಿಸೆಪ್ಟರು ಎಂಬ ಗ್ರಾಹಕ ಪ್ರೋಟೀನಿಗೆ ಅಂಟುತ್ತದೆ, ಸುದ್ದಿ ಮಾತ್ರ ಒಳಗೆ ಹೋಗುತ್ತದೆ.

"ಇನ್ಸುಲಿನ್ ಎಂದರೆ ಕೋಶದ ಬಾಗಿಲು ತೆರೆಯುವ ಬೀಗದ ಕೈ" ಎಂದು ಹೇಳಿಕೊಡುವುದು ರೂಢಿ. ಮೊದಲ ಪಾಠಕ್ಕೆ ಅಡ್ಡಿಯಿಲ್ಲ, ಆದರೆ ಅಲ್ಲಿಗೇ ನಿಂತರೆ ದಾರಿ ತಪ್ಪಿಸುತ್ತದೆ. ಇನ್ಸುಲಿನ್ ಕರೆಗಂಟೆಯ ಹಾಗೆ: ಒತ್ತುವುದು ಹೊರಗೆ, ಎದ್ದು ಬಂದು ಬಾಗಿಲು ತೆರೆಯುವವರು ಒಳಗಿನವರು. ಗಂಟೆ ಸರಿಯಿದ್ದೂ ಒಳಗಿನವರು ಏಳದಿದ್ದರೆ ಅದೇ ಇನ್ಸುಲಿನ್ ಪ್ರತಿರೋಧ.

ಅಂಟಿದ ಇನ್ಸುಲಿನ್ ಸ್ವಲ್ಪ ಹೊತ್ತಿನಲ್ಲೇ ರಿಸೆಪ್ಟರಿನ ಸಮೇತ ಒಳಗೆ ನುಂಗಿಹೋಗುತ್ತದೆ ಎನ್ನುವುದು ನಿಜ. ಅದು ಬಹುಮಟ್ಟಿಗೆ ಕೆಲಸ ಮುಗಿಸುವ ವ್ಯವಸ್ಥೆ. ಒಳಗಿನ ಚೀಲದಲ್ಲಿ ಆಮ್ಲೀಯತೆ ಏರಿದಂತೆ ಇನ್ಸುಲಿನ್ ಬಿಟ್ಟುಕೊಂಡು ಚೂರಾಗುತ್ತದೆ, ರಿಸೆಪ್ಟರು ಹೆಚ್ಚಾಗಿ ಪೊರೆಗೆ ಮರಳುತ್ತದೆ. ರಕ್ತದಲ್ಲಿ ಇನ್ಸುಲಿನ್‌ನ ಅರ್ಧಾಯುಷ್ಯ 4ರಿಂದ 6 ನಿಮಿಷ ಮಾತ್ರ ಇರುವುದಕ್ಕೆ ಇದೊಂದು ಮುಖ್ಯ ಕಾರಣ.

ಆ ರಿಸೆಪ್ಟರು ಹೇಗಿದೆ? ಅಂಟಿದ ಮೇಲೆ ಏನಾಗುತ್ತದೆ?

ನಾಲ್ಕು ತುಂಡುಗಳ ಜೋಡಣೆ. ಎರಡು ಆಲ್ಫಾ ತುಂಡುಗಳು ಪೂರ್ತಿ ಹೊರಗಿವೆ. ಇನ್ಸುಲಿನ್ ಕೂರುವುದು ಅಲ್ಲಿ. ಎರಡು ಬೀಟಾ ತುಂಡುಗಳು ಪೊರೆಯನ್ನು ತೂರಿಕೊಂಡು ಒಳಗೆ ಚಾಚಿವೆ. ಬೀಟಾದ ಒಳತುದಿ ಒಂದು ಕಿಣ್ವ, ಟೈರೋಸಿನ್ ಕೈನೇಸ್: ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಫಾಸ್ಫೇಟ್ ಹಚ್ಚುವಂಥದ್ದು. ಇನ್ಸುಲಿನ್ ಇಲ್ಲದಾಗ ರಿಸೆಪ್ಟರು ತಲೆಕೆಳಗಾದ ವಿ ಆಕಾರದಲ್ಲಿ ಕಾಲಗಲಿಸಿ ನಿಂತಿರುತ್ತದೆ, ಒಳತುದಿಗಳು ಒಂದಕ್ಕೊಂದು ಸಿಗುವುದಿಲ್ಲ. ಇನ್ಸುಲಿನ್ ಕೂತಾಗ ಕಾಲುಗಳು ಹತ್ತಿರವಾಗುತ್ತವೆ, ಒಂದು ಬೀಟಾ ಇನ್ನೊಂದರ ಟೈರೋಸಿನ್‌ಗಳ ಮೇಲೆ ಫಾಸ್ಫೇಟ್ ಹಚ್ಚುತ್ತದೆ. ಹೀಗೆ ಮೂರು ಟೈರೋಸಿನ್‌ಗಳಿಗೆ ಫಾಸ್ಫೇಟ್ ಬಿದ್ದರೆ ಕಿಣ್ವ ಪೂರ್ತಿ ಚಾಲೂ.

ಮುಂದಿನದು ಒಬ್ಬರಿಂದೊಬ್ಬರಿಗೆ ದಾಟುವ ಸುದ್ದಿ. ಐಆರ್‌ಎಸ್ ಎಂಬ ಪ್ರೋಟೀನ್‌ಗೆ ಫಾಸ್ಫೇಟ್ ಬೀಳುತ್ತದೆ, ಅದು ಪಿಐ3 ಕೈನೇಸನ್ನು ಪೊರೆಯ ಬಳಿಗೆ ಕರೆತರುತ್ತದೆ, ಆ ಕಿಣ್ವ ಪೊರೆಯ ಒಳಪದರದ ಕೊಬ್ಬಿನಣು ಪಿಪ್-2ಕ್ಕೆ ಇನ್ನೊಂದು ಫಾಸ್ಫೇಟ್ ಸೇರಿಸಿ ಪಿಪ್-3 ಮಾಡುತ್ತದೆ. ಇಲ್ಲಿ ಗಮನಿಸಬೇಕಾದ್ದು, ಸಂದೇಶವನ್ನು ಹೊರುತ್ತಿರುವುದು ಪೊರೆಯದೇ ಕೊಬ್ಬು. ಪಿಪ್-3 ಎದ್ದ ಜಾಗಕ್ಕೆ ಎಕೆಟಿ ಎಂಬ ಕೈನೇಸ್ ಬಂದು ತಂಗುತ್ತದೆ; ಅಲ್ಲಿ ಅದರ 308ನೇ ಮತ್ತು 473ನೇ ಅಮೈನೋ ಆಮ್ಲಗಳಿಗೆ ಫಾಸ್ಫೇಟ್ ಬಿದ್ದಾಗ ಎಚ್ಚರಗೊಳ್ಳುತ್ತದೆ. ಸಕ್ಕರೆಯ ದಾರಿಯೂ ಬೆಳವಣಿಗೆಯ ದಾರಿಯೂ ಕವಲೊಡೆಯುವುದು ಬಹುತೇಕ ಈ ಎಕೆಟಿಯ ನಂತರ.

ಕೋಶಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ರಿಸೆಪ್ಟರುಗಳು ಪೊರೆಯಲ್ಲಿರುತ್ತವೆ. ಕೊಬ್ಬಿನ ಕೋಶದಲ್ಲಿ ನೂರಕ್ಕೆ ಹತ್ತಕ್ಕಿಂತ ಕಡಿಮೆ ರಿಸೆಪ್ಟರುಗಳು ತುಂಬಿದರೂ ಗ್ಲೂಕೋಸ್ ಸಾಗಣೆ ಗರಿಷ್ಠ ಮಟ್ಟ ಮುಟ್ಟುತ್ತದೆ. ಹಾಗಾಗಿ ರಿಸೆಪ್ಟರಿನ ಸಂಖ್ಯೆ ಸ್ವಲ್ಪ ತಗ್ಗಿದರೆ ಗರಿಷ್ಠ ಪರಿಣಾಮ ಕುಗ್ಗುವುದಿಲ್ಲ, ಅದನ್ನು ಮುಟ್ಟಲು ಹೆಚ್ಚು ಇನ್ಸುಲಿನ್ ಬೇಕಾಗುತ್ತದೆ, ಅಷ್ಟೇ.

ಹಾಗಾದರೆ ಗ್ಲೂಕೋಸ್ ಒಳಗೆ ಬರುವುದು ಹೇಗೆ?

ಗ್ಲುಟ್-4 ಎಂಬ ಸಾಗಣೆ ಪ್ರೋಟೀನ್ ಮೂಲಕ. ಇದು ಪೊರೆಯನ್ನು ಹನ್ನೆರಡು ಸಲ ಹೊಲಿದಂತೆ ದಾಟುವ ಪ್ರೋಟೀನ್. ಉಪವಾಸದ ಹೊತ್ತಿನಲ್ಲಿ ಸ್ನಾಯು ಅಥವಾ ಕೊಬ್ಬಿನ ಕೋಶವೊಂದನ್ನು ನೋಡಿದರೆ ಪೊರೆಯ ಮೇಲೆ ಗ್ಲುಟ್-4 ಅಪರೂಪ. ಬಹುಪಾಲು ಒಳಗೆ ಸಣ್ಣ ಸಣ್ಣ ಗುಳ್ಳೆಗಳ ಗೋಡೆಯಲ್ಲಿ ಅಡಗಿ ಕೂತಿರುತ್ತದೆ. ಆ ಗುಳ್ಳೆಗಳನ್ನು ತಡೆದಿಟ್ಟಿರುವುದು ಎಎಸ್160 ಎಂಬ ಪ್ರೋಟೀನ್. ಎಕೆಟಿ ಬಂದು ಅದಕ್ಕೆ ಫಾಸ್ಫೇಟ್ ಹಚ್ಚಿದಾಗ ಹಿಡಿತ ಸಡಿಲುತ್ತದೆ, ರ‍್ಯಾಬ್ ಪ್ರೋಟೀನ್‌ಗಳು ಗುಳ್ಳೆಗಳನ್ನು ಅಂಚಿಗೆ ಸಾಗಿಸುತ್ತವೆ. ಅಂಚಿನಲ್ಲಿ ಗುಳ್ಳೆಯ ಕಡೆಯ ವ್ಯಾಂಪ್-2 ಮತ್ತು ಪೊರೆಯ ಕಡೆಯ ಸಿಂಟ್ಯಾಕ್ಸಿನ್-4, ಸ್ನ್ಯಾಪ್-23 ಎಂಬ ಪ್ರೋಟೀನ್‌ಗಳು ಹಗ್ಗದ ಎಳೆಗಳಂತೆ ಹೆಣೆದುಕೊಳ್ಳುತ್ತವೆ. ಹೆಣಿಗೆ ಬಿಗಿಯಾದಂತೆ ಗುಳ್ಳೆ ಪೊರೆಗೆ ಒತ್ತಿ ಅದರಲ್ಲಿ ಬೆರೆತುಹೋಗುತ್ತದೆ. ಗುಳ್ಳೆಯ ಗೋಡೆಯಲ್ಲಿದ್ದ ಗ್ಲುಟ್-4 ಈಗ ಪೊರೆಯ ಮೈಮೇಲೆ.

ಎರಡು ಮೂರು ನಿಮಿಷಗಳಲ್ಲೇ ಬದಲಾವಣೆ ಶುರುವಾಗಿ, 10ರಿಂದ 15 ನಿಮಿಷಗಳಲ್ಲಿ ತುದಿ ಮುಟ್ಟುತ್ತದೆ. ಇಲಿಯ ಕೊಬ್ಬಿನ ಕೋಶದಲ್ಲಿ ಗ್ಲೂಕೋಸ್ ಸೇರುವ ವೇಗ ಹತ್ತು ಪಟ್ಟಿಗೂ ಮೀರಿ ಏರುತ್ತದೆ. ಇನ್ಸುಲಿನ್ ಹೋದ ಮೇಲೆ ಪೊರೆ ಗ್ಲುಟ್-4ನ್ನು ಮತ್ತೆ ಒಳಗೆಳೆದುಕೊಳ್ಳುತ್ತದೆ. ಹೊಸ ಪ್ರೋಟೀನ್ ತಯಾರಾಗುವ ತನಕ ಕಾಯಬೇಕಿಲ್ಲ, ಇರುವುದನ್ನೇ ಒಳಗಿಂದ ಹೊರಕ್ಕೆ ಸಾಗಿಸುವುದು ಎಂಬ ಈ ಸಂಗತಿ 1980ರಲ್ಲಿ ಎರಡು ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಬೆಳಕಿಗೆ ಬಂತು. ಗ್ಲುಟ್-4ನ್ನು ಗುರುತಿಸಿದ್ದು ಆ ದಶಕದ ಕೊನೆಗೆ.

ಗ್ಲುಟ್-4 ಪಂಪ್ ಅಲ್ಲ. ಗ್ಲೂಕೋಸ್ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಹರಿಯುತ್ತದೆ. ಒಳಬಂದ ಕೂಡಲೇ ಹೆಕ್ಸೋಕೈನೇಸ್ ಅದಕ್ಕೆ ಫಾಸ್ಫೇಟ್ ಅಂಟಿಸಿಬಿಡುವುದರಿಂದ ವಾಪಸ್ ಹೋಗಲಾಗದು.

ಎಲ್ಲ ಕೋಶಗಳಿಗೂ ಇದೇ ನಿಯಮವೇ?

ಇಲ್ಲ. ಮಿದುಳು ಮುಖ್ಯವಾಗಿ ಗ್ಲುಟ್-1 ಮತ್ತು ಗ್ಲುಟ್-3, ಕೆಂಪು ರಕ್ತಕಣ ಗ್ಲುಟ್-1 ಬಳಸುತ್ತವೆ; ಇವು ಸದಾ ಪೊರೆಯಲ್ಲೇ ಇರುತ್ತವೆ. ಯಕೃತ್ತಿನ ಗ್ಲುಟ್-2 ಕೂಡ ಇನ್ಸುಲಿನ್‌ಗೆ ಕಾಯುವುದಿಲ್ಲ. ಆದರೂ ಯಕೃತ್ತಿನ ಮೇಲೆ ಇನ್ಸುಲಿನ್ ಪ್ರಭಾವ ದೊಡ್ಡದು, ಏಕೆಂದರೆ ಅಲ್ಲಿ ಅದು ಮಾಡುವುದು ಒಳಗಿನ ಕಿಣ್ವಗಳ ಬದಲಾವಣೆ: ಗ್ಲೂಕೋಕೈನೇಸ್ ಹೆಚ್ಚಿಸಿ ಗ್ಲೂಕೋಸನ್ನು ಹಿಡಿದಿಡುತ್ತದೆ, ಜೀನ್‌ಗಳನ್ನು ಎಬ್ಬಿಸುವ ಫಾಕ್ಸೋ-1 ಎಂಬ ಪ್ರೋಟೀನನ್ನು ಕೋಶಕೇಂದ್ರದಿಂದ ಹೊರಗಟ್ಟಿ ಹೊಸ ಗ್ಲೂಕೋಸ್ ತಯಾರಿಕೆಯನ್ನು ತಗ್ಗಿಸುತ್ತದೆ.

ಇನ್ಸುಲಿನ್ ಕಡಿಮೆಯಿದ್ದರೂ ವ್ಯಾಯಾಮದಿಂದ ಸಕ್ಕರೆ ಇಳಿಯುವುದು ಏಕೆ?

ದುಡಿಯುವ ಸ್ನಾಯು ಗ್ಲುಟ್-4ನ್ನು ತನ್ನದೇ ದಾರಿಯಲ್ಲಿ ಪೊರೆಗೆ ತರುತ್ತದೆ. ಕ್ಯಾಲ್ಸಿಯಂ ಮತ್ತು ಎಎಂಪಿಕೆ ಎಂಬ ಕಿಣ್ವ ಅಲ್ಲಿ ಕೆಲಸ ಮಾಡುತ್ತವೆ. ರಿಸೆಪ್ಟರು, ಪಿಐ3 ಕೈನೇಸ್ ಬೇಕಿಲ್ಲ. ಇನ್ಸುಲಿನ್ ಪ್ರತಿರೋಧ ಇರುವವರಲ್ಲೂ ಈ ದಾರಿ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ವ್ಯಾಯಾಮ ಮುಗಿದ ಮೇಲೂ ಹಲವು ಗಂಟೆ ಸ್ನಾಯು ಇನ್ಸುಲಿನ್‌ಗೆ ಹೆಚ್ಚು ಸ್ಪಂದಿಸುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಸಂಜೆಯ ಆಟದ ನಂತರ ನಡುರಾತ್ರಿ ಸಕ್ಕರೆ ಕುಸಿಯುವುದು ಇದರಿಂದಲೇ.

ಪೊಟ್ಯಾಷಿಯಂಗೂ ಇನ್ಸುಲಿನ್‌ಗೂ ಏನು ಸಂಬಂಧ?

ಸಕ್ಕರೆಯ ಗದ್ದಲದಲ್ಲಿ ಮರೆತುಹೋಗುವ, ಆದರೆ ಆಸ್ಪತ್ರೆಯಲ್ಲಿ ಜೀವ ಉಳಿಸುವ ಇಲ್ಲವೇ ತೆಗೆಯುವ ವಿಷಯ ಇದು. ದೇಹದ ಪೊಟ್ಯಾಷಿಯಂ ಸುಮಾರು ನೂರಕ್ಕೆ 98ರಷ್ಟು ಕೋಶಗಳ ಒಳಗಿದೆ. ಹೊರಗೆ, ರಕ್ತದಲ್ಲಿ, ಲೀಟರಿಗೆ 3.5ರಿಂದ 5 ಮಿಲಿಮೋಲ್ ಮಾತ್ರ. ಈ ಅಂತರವನ್ನು ಕಾಯುವುದು ಪೊರೆಯಲ್ಲಿರುವ ಸೋಡಿಯಂ-ಪೊಟ್ಯಾಷಿಯಂ ಪಂಪ್: ಮೂರು ಸೋಡಿಯಂ ಹೊರಕ್ಕೆ, ಎರಡು ಪೊಟ್ಯಾಷಿಯಂ ಒಳಕ್ಕೆ. ಇನ್ಸುಲಿನ್ ಈ ಪಂಪನ್ನು ಚುರುಕುಗೊಳಿಸುತ್ತದೆ. ಪೊಟ್ಯಾಷಿಯಂ ಒಳಗೆ ಸರಿಯುತ್ತದೆ, ಸ್ನಾಯುಕೋಶದ ಒಳಭಾಗ ಮೊದಲಿಗಿಂತ ಇನ್ನೂ ಕೆಲವು ಮಿಲಿವೋಲ್ಟ್ ಹೆಚ್ಚು ಋಣವಾಗುತ್ತದೆ.

ರಕ್ತದ ಪೊಟ್ಯಾಷಿಯಂ ಅಪಾಯಕರವಾಗಿ ಏರಿದಾಗ ಕೊಡುವ ರೂಢಿಯ ಚಿಕಿತ್ಸೆ ಇದನ್ನೇ ನೆಚ್ಚಿಕೊಂಡಿದೆ: ರಕ್ತನಾಳಕ್ಕೆ 10 ಯೂನಿಟ್ ರೆಗ್ಯುಲರ್ ಇನ್ಸುಲಿನ್, ಜತೆಗೆ 25 ಗ್ರಾಂ ಗ್ಲೂಕೋಸ್. 10ರಿಂದ 20 ನಿಮಿಷದಲ್ಲಿ ಪರಿಣಾಮ ಶುರು, ಲೀಟರಿಗೆ ಸುಮಾರು 0.5ರಿಂದ 1 ಮಿಲಿಮೋಲ್ ಇಳಿಕೆ, 4ರಿಂದ 6 ಗಂಟೆ ಬಾಳಿಕೆ. ಪೊಟ್ಯಾಷಿಯಂ ದೇಹದಿಂದ ಹೊರಹೋಗಿಲ್ಲ, ಪೊರೆಯ ಆಚೆಯಿಂದ ಈಚೆಗೆ ಸರಿದಿದೆ ಅಷ್ಟೇ. ಹಾಗಾಗಿ ಅದನ್ನು ಹೊರಹಾಕುವ ಏರ್ಪಾಟು ಬೇರೆಯೇ ಆಗಬೇಕು. ಇಲ್ಲಿ ಸಾಮಾನ್ಯವಾಗಿ ಎಡವುವುದು ಸಕ್ಕರೆಯ ವಿಷಯದಲ್ಲಿ: ಗ್ಲೂಕೋಸ್ ಬೇಗ ಖರ್ಚಾಗುತ್ತದೆ, ಇನ್ಸುಲಿನ್ ಪರಿಣಾಮ ಉಳಿಯುತ್ತದೆ. ಮೂತ್ರಪಿಂಡ ಸೋತವರಲ್ಲಿ ಇನ್ಸುಲಿನ್ ಕರಗುವುದು ಇನ್ನೂ ನಿಧಾನ. ಆದ್ದರಿಂದ ಗಂಟೆಗೊಮ್ಮೆಯಾದರೂ ಸಕ್ಕರೆ ನೋಡುತ್ತಿರಬೇಕು.

ಇನ್ಸುಲಿನ್ ಕೊರತೆಯಿಂದ ರಕ್ತ ಆಮ್ಲೀಯವಾಗುವ ಮಧುಮೇಹದ ಕೀಟೋ ಆಮ್ಲತೆಯಲ್ಲಿ ಇದೇ ಗುಣ ಉಲ್ಟಾ ಹೊಡೆಯುತ್ತದೆ. ಅಲ್ಲಿ ದೇಹದ ಒಟ್ಟು ಪೊಟ್ಯಾಷಿಯಂ ಮೂತ್ರದಲ್ಲಿ ಸೋರಿಹೋಗಿರುತ್ತದೆ, ಆದರೂ ರಕ್ತದ ವರದಿ ಸರಿಯಾಗಿಯೇ ಕಾಣಬಹುದು. ಇನ್ಸುಲಿನ್ ಕೊಟ್ಟ ತಕ್ಷಣ ಇದ್ದಷ್ಟೂ ಒಳಗೆ ಸರಿದು ಹೃದಯದ ಲಯ ತಪ್ಪಬಹುದು. ಅದಕ್ಕೇ ಪೊಟ್ಯಾಷಿಯಂ 3.3ರಿಂದ 3.5ರ ಮಟ್ಟಕ್ಕಿಂತ ಕೆಳಗಿದ್ದರೆ ಮೊದಲು ಅದನ್ನು ತುಂಬಿ, ಆಮೇಲೆ ಇನ್ಸುಲಿನ್ ಶುರುಮಾಡುತ್ತಾರೆ.

ಇನ್ಸುಲಿನ್ ಕೋಶವನ್ನು ಬೆಳೆಸುವುದು ಹೇಗೆ?

ಮೊದಲು "ಬೆಳವಣಿಗೆ" ಎಂಬ ಮಾತನ್ನು ಬಿಡಿಸಿಕೊಳ್ಳಬೇಕು. ಕೋಶ ದಪ್ಪವಾಗುವುದು ಒಂದು, ಒಂದು ಕೋಶ ಎರಡಾಗುವುದು ಇನ್ನೊಂದು. ಇವೆರಡಕ್ಕೂ ಒಳಗಿನ ದಾರಿಗಳು ಬೇರೆ.

ದಪ್ಪವಾಗುವ ದಾರಿ ಎಕೆಟಿಯಿಂದ ಹೊರಡುತ್ತದೆ. ಅದು ಟಿಎಸ್‌ಸಿ-2 ಎಂಬ ಬ್ರೇಕನ್ನು ಸಡಿಲಿಸುತ್ತದೆ, ಬೆಳವಣಿಗೆ ನಡೆಸುವ ಕೈನೇಸ್ ಆದ ಎಂಟಾರ್ ಸಂಕೀರ್ಣ-1 ಚಾಲೂ ಆಗುತ್ತದೆ. ಎಂಟಾರ್ ಎರಡು ಕಡೆ ಕೈಯಾಡಿಸುತ್ತದೆ: ಪ್ರೋಟೀನ್ ತಯಾರಿಕೆಗೆ ನೆರವಾಗುವ ಎಸ್6 ಕೈನೇಸನ್ನು ಎಬ್ಬಿಸುತ್ತದೆ, ಪ್ರೋಟೀನ್ ತಯಾರಿಕೆಗೆ ಅಡ್ಡಗಾಲಾಗಿರುವ 4ಇ-ಬಿಪಿ1 ಪ್ರೋಟೀನನ್ನು ಪಕ್ಕಕ್ಕೆ ಸರಿಸುತ್ತದೆ. ಇತ್ತ ಪೊರೆಯಲ್ಲಿ ಅಮೈನೋ ಆಮ್ಲಗಳನ್ನು ಒಳತರುವ ಸಾಗಣೆ ಪ್ರೋಟೀನ್‌ಗಳೂ ಹೆಚ್ಚುತ್ತವೆ. ಅಂದರೆ ಕೆಲಸಕ್ಕೆ ಅಪ್ಪಣೆ, ಕಚ್ಚಾ ಸಾಮಾನು ಎರಡೂ ಒಟ್ಟಿಗೇ ಬರುತ್ತವೆ. ಅಪ್ಪಣೆ ಬಂದು ಸಾಮಾನು ಬರದಿದ್ದರೆ ಎಂಟಾರ್ ಏಳುವುದಿಲ್ಲ. ಅಮೈನೋ ಆಮ್ಲ ಇಲ್ಲದ ದ್ರವದಲ್ಲಿಟ್ಟ ಕೋಶಕ್ಕೆ ಎಷ್ಟು ಇನ್ಸುಲಿನ್ ಸುರಿದರೂ ಎಸ್6 ಕೈನೇಸ್ ಸರಿಯಾಗಿ ಚಾಲೂ ಆಗದಿರುವುದು ಇದಕ್ಕೇ.

ಬೆಳೆದವರ ದೇಹದಲ್ಲಿ ಇನ್ಸುಲಿನ್‌ನ ಹೆಚ್ಚು ಮುಖ್ಯ ಕೆಲಸ ಕಟ್ಟುವುದಕ್ಕಿಂತ ಒಡೆಯದಂತೆ ತಡೆಯುವುದು. ಸ್ನಾಯುವಿನ ಪ್ರೋಟೀನ್ ಒಡೆಯುವ ಜೀನ್‌ಗಳನ್ನು ಫಾಕ್ಸೋ ಪ್ರೋಟೀನ್‌ಗಳು ಎಬ್ಬಿಸುತ್ತವೆ, ಇನ್ಸುಲಿನ್ ಫಾಕ್ಸೋವನ್ನು ಕಟ್ಟಿಹಾಕುತ್ತದೆ. ಚಿಕಿತ್ಸೆಯಿಲ್ಲದ ಟೈಪ್-1 ಮಧುಮೇಹದಲ್ಲಿ ಸ್ನಾಯು ಕರಗಿ ದೇಹ ಕಡ್ಡಿಯಾಗುವುದು ಈ ತಡೆ ಹೋದದ್ದರಿಂದ.

ಎರಡಾಗುವ ದಾರಿ ಬೇರೆ: ರಿಸೆಪ್ಟರಿನಿಂದ ಶಿಕ್, ಗ್ರಬ್-2, ಸಾಸ್, ರಾಸ್, ರಾಫ್, ಮೆಕ್ ಎಂಬ ಪ್ರೋಟೀನ್‌ಗಳ ಮೂಲಕ ಇಆರ್‌ಕೆ ಎಂಬ ಕೈನೇಸ್ ತನಕ. ಇಆರ್‌ಕೆ ಕೋಶಕೇಂದ್ರಕ್ಕೆ ಹೋಗಿ ವಿಭಜನೆಯ ಜೀನ್‌ಗಳನ್ನು ಎಬ್ಬಿಸುತ್ತದೆ. ಊಟದ ನಂತರ ಏರಿ ಇಳಿಯುವ ಸಾಮಾನ್ಯ ಮಟ್ಟದ ಇನ್ಸುಲಿನ್ ಈ ದಾರಿಯನ್ನು ಬಲವಾಗಿ ತುಳಿಯುವುದಿಲ್ಲ. ಮಟ್ಟ ಬಹಳ ಹೆಚ್ಚಿದ್ದು, ಬಹಳ ಹೊತ್ತು ಇದ್ದರೆ ಚಿತ್ರ ಬದಲಾಗುತ್ತದೆ.

ಹೆಚ್ಚಿನ ಇನ್ಸುಲಿನ್ ಬೇರೆ ರಿಸೆಪ್ಟರಿಗೂ ಅಂಟುತ್ತದೆಯೇ?

ಅಂಟುತ್ತದೆ. ಐಜಿಎಫ್-1 ಎಂಬ ಬೆಳವಣಿಗೆಯ ಹಾರ್ಮೋನಿನ ರಿಸೆಪ್ಟರು ಇನ್ಸುಲಿನ್ ರಿಸೆಪ್ಟರಿನ ದಾಯಾದಿ. ಇನ್ಸುಲಿನ್ ಅದಕ್ಕೆ ಸರಿಸುಮಾರು ನೂರು ಪಟ್ಟು ದುರ್ಬಲವಾಗಿ ಅಂಟುತ್ತದೆ. ಉಪವಾಸದಲ್ಲಿ ರಕ್ತದ ಇನ್ಸುಲಿನ್ ಕೆಲವು ಹತ್ತು ಪಿಕೋಮೋಲಾರ್ ಮಾತ್ರ. ಆ ಮಟ್ಟದಲ್ಲಿ ದಾಯಾದಿಗೆ ಸುದ್ದಿಯೇ ಮುಟ್ಟದು. ತೀವ್ರ ಇನ್ಸುಲಿನ್ ಪ್ರತಿರೋಧದಲ್ಲಿ ಮಟ್ಟ ಹಲವು ಪಟ್ಟು ಏರಿ ಉಳಿದಾಗ ಕತ್ತು, ಕಂಕುಳಿನ ಚರ್ಮ ಕಪ್ಪಗೆ, ದಪ್ಪಗೆ, ವೆಲ್ವೆಟ್‌ನಂತೆ ಆಗುವುದನ್ನು ಕಾಣಬಹುದು. ಅದು ಕೊಳೆಯಲ್ಲ, ಉಜ್ಜಿದರೆ ಹೋಗುವುದಿಲ್ಲ. ಚರ್ಮದ ಕೋಶಗಳು ಹೆಚ್ಚು ವಿಭಜನೆಯಾದ ಗುರುತು ಅದು.

ಹುಟ್ಟುವ ಮಗುವಿನ ತೂಕಕ್ಕೂ ಇದಕ್ಕೂ ನಂಟಿದೆಯೇ?

ಇನ್ಸುಲಿನ್ ಬೆಳವಣಿಗೆಯ ಹಾರ್ಮೋನೂ ಹೌದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ. ತಾಯಿಯ ಗ್ಲೂಕೋಸ್ ಮಾಸು ದಾಟುತ್ತದೆ, ಇನ್ಸುಲಿನ್ ದಾಟುವುದಿಲ್ಲ. ತಾಯಿಗೆ ಸಕ್ಕರೆ ಹೆಚ್ಚಿದ್ದರೆ ಭ್ರೂಣದ ಮೇದೋಜೀರಕ ಗ್ರಂಥಿ ತಾನೇ ಹೆಚ್ಚು ಇನ್ಸುಲಿನ್ ಸುರಿಸುತ್ತದೆ. ಪರಿಣಾಮ: 4 ಕಿಲೋ ದಾಟಿದ, ಭುಜ ಹೊಟ್ಟೆಗಳಲ್ಲಿ ಕೊಬ್ಬು ತುಂಬಿದ ಮಗು. ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣ ಗ್ಲೂಕೋಸ್ ಹರಿವು ನಿಲ್ಲುತ್ತದೆ, ಇನ್ಸುಲಿನ್ ಮಾತ್ರ ಇನ್ನೂ ಜೋರಾಗಿರುತ್ತದೆ. ಅದಕ್ಕೇ ಮೊದಲ ಗಂಟೆಯಲ್ಲೇ ಹಾಲೂಡಿಸಿ, ಆಮೇಲೆ ಮಗುವಿನ ಸಕ್ಕರೆ ನೋಡುವುದು. ಇದಕ್ಕೆ ತದ್ವಿರುದ್ಧವಾಗಿ, ಇನ್ಸುಲಿನ್ ರಿಸೆಪ್ಟರಿನ ಜೀನ್ ಎರಡೂ ಪ್ರತಿಗಳಲ್ಲಿ ಕೆಟ್ಟಿರುವ ಡೊನೊಹ್ಯೂ ಸಿಂಡ್ರೋಮ್‌ನಲ್ಲಿ ಮಗು ತೀರಾ ಸಣ್ಣದಾಗಿ, ಚರ್ಮದಡಿಯ ಕೊಬ್ಬಿಲ್ಲದೆ ಹುಟ್ಟುತ್ತದೆ. ರಕ್ತದಲ್ಲಿ ಇನ್ಸುಲಿನ್ ವಿಪರೀತವಿದ್ದರೂ ಕೇಳಿಸಿಕೊಳ್ಳುವ ಕಿವಿ ಇಲ್ಲ.

ಚುಚ್ಚಿಕೊಳ್ಳುವ ಇನ್ಸುಲಿನ್‌ನಿಂದ ಕ್ಯಾನ್ಸರ್ ಬರುತ್ತದೆಯೇ?

ಈ ಭಯ ಬುಡವಿಲ್ಲದ್ದಲ್ಲ. ಬಿ ಸರಪಳಿಯ 10ನೇ ಜಾಗದಲ್ಲಿ ಒಂದೇ ಅಮೈನೋ ಆಮ್ಲ ಬದಲಿಸಿದ ಎಕ್ಸ್10 ಎಂಬ ಇನ್ಸುಲಿನ್ ರಿಸೆಪ್ಟರನ್ನು ಬಹಳ ಹೊತ್ತು ಹಿಡಿದುಕೊಳ್ಳುತ್ತಿತ್ತು. ಹೆಣ್ಣಿಲಿಗಳಲ್ಲಿ ಸ್ತನದ ಗಡ್ಡೆಗಳು ಕಂಡುಬಂದದ್ದರಿಂದ ಅದನ್ನು ಕೈಬಿಟ್ಟರು. ದೀರ್ಘಕಾಲ ಕೆಲಸ ಮಾಡುವ ಗ್ಲಾರ್ಜಿನ್ ಎಂಬ ಇನ್ಸುಲಿನ್ ಬಗ್ಗೆಯೂ ಅದೇ ಅನುಮಾನ ಬಂತು. ಆದರೆ 12,500ಕ್ಕೂ ಹೆಚ್ಚು ಜನರನ್ನು ಆರು ವರ್ಷ ಗಮನಿಸಿದ, 2012ರಲ್ಲಿ ಪ್ರಕಟವಾದ ಒರಿಜಿನ್ ಪ್ರಯೋಗದಲ್ಲಿ ಗ್ಲಾರ್ಜಿನ್ ಪಡೆದವರಿಗೂ ಪಡೆಯದವರಿಗೂ ಕ್ಯಾನ್ಸರಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಕ್ಯಾನ್ಸರಿನ ಹೆದರಿಕೆಯಿಂದ ಇನ್ಸುಲಿನ್ ಬಿಡುವುದು ಖಂಡಿತ ತಪ್ಪು ಲೆಕ್ಕ.

ಚುಚ್ಚಿದ ಜಾಗದಲ್ಲಿ ಗಂಟು ಕಟ್ಟುವುದೇಕೆ?

ಅದು ಇನ್ಸುಲಿನ್ ಬೆಳೆಸಿದ ಕೊಬ್ಬು. ದಿನವೂ ಅದೇ ಜಾಗಕ್ಕೆ ಚುಚ್ಚಿದರೆ ಅಲ್ಲಿನ ಕೊಬ್ಬಿನ ಕೋಶಗಳಿಗೆ ದೇಹದ ಬೇರೆಲ್ಲೂ ಇಲ್ಲದಷ್ಟು ಇನ್ಸುಲಿನ್ ಸಿಗುತ್ತದೆ, ಅವು ಉಬ್ಬುತ್ತವೆ. ಗಂಟಿನಲ್ಲಿ ನೋವು ಕಡಿಮೆ, ಹಾಗಾಗಿ ಜನ ಅಲ್ಲೇ ಮತ್ತೆ ಚುಚ್ಚುತ್ತಾರೆ. ಅಲ್ಲಿಂದ ಇನ್ಸುಲಿನ್ ರಕ್ತಕ್ಕೆ ಸೇರುವುದು ಒಂದು ದಿನ ನಿಧಾನ, ಇನ್ನೊಂದು ದಿನ ಬೇಗ. ಕಾರಣ ತಿಳಿಯದೆ ಸಕ್ಕರೆ ಏರಿಳಿಯುತ್ತಿದ್ದರೆ ಮೊದಲು ಹೊಟ್ಟೆ, ತೊಡೆಗಳನ್ನು ಬೆರಳಿನಿಂದ ಒತ್ತಿ ಸವರಿ ನೋಡಿ. ಕಣ್ಣಿಗಿಂತ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಪ್ರತಿ ಸಲ ಹಿಂದಿನ ಜಾಗದಿಂದ ಕನಿಷ್ಠ ಒಂದು ಬೆರಳಗಲ ದೂರ, ಹೊಸ ಸೂಜಿ. ಗಂಟು ಬಿಟ್ಟು ಒಳ್ಳೆಯ ಜಾಗಕ್ಕೆ ಬದಲಿಸುವಾಗ ಹಳೆಯ ಡೋಸೇ ಹೆಚ್ಚಾಗಿ ಸಕ್ಕರೆ ಕುಸಿಯಬಹುದು, ಬದಲಿಸುವ ಮುಂಚೆ ವೈದ್ಯರಿಗೆ ಹೇಳಿ.

ಪ್ರತಿರೋಧದಲ್ಲಿ ಎಲ್ಲ ದಾರಿಗಳೂ ಒಟ್ಟಿಗೆ ಮುಚ್ಚುತ್ತವೆಯೇ?

ಮುಚ್ಚುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಕೋಶದೊಳಗೆ ಡೈಆಸೈಲ್‌ಗ್ಲಿಸರಾಲ್‌ನಂಥ ಕೊಬ್ಬಿನಣುಗಳು ತುಂಬಿದಾಗ ಕೆಲವು ಕೈನೇಸ್‌ಗಳು ಎದ್ದು ಸಂದೇಶದ ಮೊದಲ ಮೆಟ್ಟಿಲುಗಳಲ್ಲೇ ಕೈಹಾಕುತ್ತವೆ; ಐಆರ್‌ಎಸ್‌ನ ಸೀರಿನ್ ಎಂಬ ಅಮೈನೋ ಆಮ್ಲಗಳಿಗೆ ಬೀಳುವ ಫಾಸ್ಫೇಟ್ ಅದನ್ನು ಮಂಕುಗೊಳಿಸುತ್ತದೆ. ಗ್ಲುಟ್-4 ಸಾಗಣೆ ಕುಂಟುತ್ತದೆ, ಯಕೃತ್ತು ಗ್ಲೂಕೋಸ್ ತಯಾರಿಸುವುದನ್ನು ನಿಲ್ಲಿಸುವುದಿಲ್ಲ. ಆದರೆ ಅದೇ ಯಕೃತ್ತು ಕೊಬ್ಬು ತಯಾರಿಸುವ ಆಜ್ಞೆಯನ್ನು ಚೆನ್ನಾಗಿಯೇ ಪಾಲಿಸುತ್ತದೆ. ಸಕ್ಕರೆ ಇಳಿಸಲು ದೇಹ ಇನ್ನಷ್ಟು ಇನ್ಸುಲಿನ್ ಸುರಿಸಿದಂತೆ, ಕೇಳಿಸಿಕೊಳ್ಳುತ್ತಿರುವ ದಾರಿಗಳ ಮೇಲೆ ಒತ್ತಡ ಬೀಳುತ್ತದೆ: ಯಕೃತ್ತಿನಲ್ಲಿ ಕೊಬ್ಬು, ಕತ್ತಿನಲ್ಲಿ ಕಪ್ಪು, ಅಂಡಾಶಯದಲ್ಲಿ ಹೆಚ್ಚು ಟೆಸ್ಟೋಸ್ಟೆರಾನ್.

ಪ್ರಯೋಗಾಲಯದಲ್ಲಿ ಕೋಶ ಬೆಳೆಸುವ ದ್ರವಕ್ಕೆ ಇನ್ಸುಲಿನ್ ಎಷ್ಟು ಹಾಕಬೇಕು?

ಸೀರಮ್ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡಿಸಿದ ದ್ರವಭಾಗ) ಇಲ್ಲದ ದ್ರವಕ್ಕೆ ಸಾಮಾನ್ಯವಾಗಿ ಮಿಲಿಲೀಟರಿಗೆ 5ರಿಂದ 10 ಮೈಕ್ರೋಗ್ರಾಂ. 10 ಮೈಕ್ರೋಗ್ರಾಂ ಎಂದರೆ ಸುಮಾರು 1.7 ಮೈಕ್ರೋಮೋಲಾರ್, ರಕ್ತದ ಉಪವಾಸದ ಮಟ್ಟಕ್ಕಿಂತ ಹತ್ತಾರು ಸಾವಿರ ಪಟ್ಟು. ಈ ಮಟ್ಟದಲ್ಲಿ ಇನ್ಸುಲಿನ್ ಐಜಿಎಫ್-1ರ ರಿಸೆಪ್ಟರನ್ನೂ ತಟ್ಟುತ್ತದೆ, ಕೋಶ ಬೆಳೆಯುವುದಕ್ಕೆ ಅದು ಬೇಕಾದದ್ದೇ. ಜತೆಗೆ ದ್ರವದಲ್ಲಿರುವ ಸಿಸ್ಟೀನ್ ಗಂಧಕದ ಸೇತುವೆಗಳನ್ನು ಒಡೆದು ಇನ್ಸುಲಿನನ್ನು ಬೇಗ ಕೆಡಿಸುವುದರಿಂದ ಹೆಚ್ಚೇ ಹಾಕಬೇಕಾಗುತ್ತದೆ. ಆದರೆ ಈ ದ್ರವದಲ್ಲಿ ಬೆಳೆದ ಕೋಶವನ್ನು ನೋಡಿ "ದೇಹದಲ್ಲಿ ಇನ್ಸುಲಿನ್ ಹೀಗೆ ಮಾಡುತ್ತದೆ" ಎಂದು ಬರೆಯಬೇಡಿ.

ದಾಸ್ತಾನು ದ್ರಾವಣ ಮಾಡುವಾಗ ಪುಡಿಯನ್ನು ನೇರವಾಗಿ ತಟಸ್ಥ ಬಫರಿಗೆ ಹಾಕಿದರೆ ಸರಿಯಾಗಿ ಕರಗುವುದಿಲ್ಲ. 0.01 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ಪಿಎಚ್ 2ರಿಂದ 3ರ ನಡುವೆ, ಮೆಲ್ಲಗೆ ತಿರುಗಿಸಿ ಕರಗಿಸಿ. ಪಿಎಚ್ 5.3ರ ಆಸುಪಾಸಿನಲ್ಲಿ ಇನ್ಸುಲಿನ್ ಮೊಸರಿನಂತೆ ಒಡೆಯುತ್ತದೆ, ಅಲ್ಲಿ ನಿಲ್ಲಿಸಬೇಡಿ. ಜೋರಾಗಿ ಕುಲುಕಬಾರದು, ನಾರುಗಳಾಗುತ್ತವೆ. ಪದೇ ಪದೇ ಹೆಪ್ಪುಗಟ್ಟಿಸಿ ಕರಗಿಸಲೂಬಾರದು. ನ್ಯಾನೋಮೋಲಾರ್ ಮಟ್ಟಕ್ಕೆ ತೆಳು ಮಾಡುವಾಗ 0.1 ಶೇಕಡ ಅಲ್ಬುಮಿನ್ ಸೇರಿಸಿ. ಇಲ್ಲವಾದರೆ ಇನ್ಸುಲಿನ್ ಪ್ಲಾಸ್ಟಿಕ್ ಗೋಡೆಗೆ ಅಂಟಿಕೊಂಡು, ನೀವು 1 ನ್ಯಾನೋಮೋಲಾರ್ ಎಂದುಕೊಂಡದ್ದು ಅರ್ಧವೂ ಇರದು.

ಪ್ರಯೋಗಾಲಯದ ಕೋಶಗಳಿಗೆ ಇನ್ಸುಲಿನ್ ಹಾಕಿದರೂ ವೆಸ್ಟರ್ನ್ ಬ್ಲಾಟ್ ಎಂಬ ಪ್ರೋಟೀನ್ ಪರೀಕ್ಷೆಯಲ್ಲಿ ಎಕೆಟಿಯ ಫಾಸ್ಫೇಟ್ ಗುರುತು (ಪಟ್ಟಿ) ಬದಲಾಗಿದ್ದೇ ಕಾಣುತ್ತಿಲ್ಲ. ಎಲ್ಲಿ ತಪ್ಪಾಗಿರಬಹುದು?

ಮೊದಲು ಇನ್ಸುಲಿನ್ ಹಾಕದ ಮಾದರಿಯನ್ನು ನೋಡಿ. ಅದರಲ್ಲೇ ಪಟ್ಟಿ ದಟ್ಟವಾಗಿದ್ದರೆ ಕೋಶ ಹಸಿದಿಲ್ಲ ಎಂದರ್ಥ. ಸೀರಮ್‌ನಲ್ಲೇ ಇನ್ಸುಲಿನ್, ಐಜಿಎಫ್ ಇರುತ್ತವೆ. ಸೀರಮ್ ತೆಗೆದು ಎರಡರಿಂದ ನಾಲ್ಕು ಗಂಟೆ ಇಡಿ, ಕೆಲವು ಕೋಶಗಳಿಗೆ ರಾತ್ರಿಯಿಡೀ ಬೇಕು. ದ್ರವ ಬದಲಿಸುವಾಗ ರಭಸದಿಂದ ಸುರಿದರೂ ಬುನಾದಿ ಮಟ್ಟ ಏರುತ್ತದೆ. ಎರಡೂ ಮಾದರಿಗಳಲ್ಲಿ ಪಟ್ಟಿ ಮಸುಕಾಗಿದ್ದರೆ ಅನುಮಾನ ಫಾಸ್ಫೇಟ್ ಕೀಳುವ ಕಿಣ್ವಗಳಾದ ಫಾಸ್ಫಟೇಸ್‌ಗಳ ಮೇಲೆ: ಕೋಶ ಒಡೆಯುವ ಬಫರಿಗೆ ಅವನ್ನು ತಡೆಯುವ 1 ಮಿಲಿಮೋಲಾರ್ ಆರ್ಥೋವೆನಡೇಟ್, 10 ಮಿಲಿಮೋಲಾರ್ ಸೋಡಿಯಂ ಫ್ಲೋರೈಡ್ ಹಾಕಿದ್ದೀರಾ? ತಟ್ಟೆ ಮಂಜಿನ ಮೇಲೇ ಇತ್ತಾ? 100 ನ್ಯಾನೋಮೋಲಾರ್ ಇನ್ಸುಲಿನ್‌ಗೆ 5ರಿಂದ 15 ನಿಮಿಷದಲ್ಲಿ ಗುರುತು ತುದಿ ಮುಟ್ಟಿರುತ್ತದೆ; ಒಂದು ಗಂಟೆ ಬಿಟ್ಟು ಕೊಯ್ದರೆ ಕೆಲವು ಕೋಶಗಳಲ್ಲಿ ಇಳಿದಿರುತ್ತದೆ. ಒಂದು ತಟ್ಟೆಗೆ ಇನ್ಸುಲಿನ್‌ಗೂ ಮುಂಚೆ ಪಿಐ3 ಕೈನೇಸನ್ನು ತಡೆಯುವ ವೋರ್ಟ್‌ಮ್ಯಾನಿನ್ 100 ನ್ಯಾನೋಮೋಲಾರ್ ಹಾಕಿ ಇಟ್ಟುಕೊಳ್ಳಿ: ಅದರಲ್ಲಿ ಪಟ್ಟಿ ಅಳಿಸಿಹೋದರೆ ನೀವು ನೋಡುತ್ತಿರುವುದು ಪಿಐ3 ಕೈನೇಸಿನ ದಾರಿಯನ್ನೇ. ಅಳಿಸದಿದ್ದರೆ ವೋರ್ಟ್‌ಮ್ಯಾನಿನ್ ಕೆಟ್ಟಿದೆಯೇ, ಪ್ರತಿಕಾಯ ಬೇರೇನನ್ನೋ ಹಿಡಿಯುತ್ತಿದೆಯೇ ಎಂದು ನೋಡಿ. ವೋರ್ಟ್‌ಮ್ಯಾನಿನ್ ನೀರಿನಲ್ಲಿ ಬೇಗ ಹಾಳಾಗುತ್ತದೆ, ಡಿಎಂಎಸ್‌ಒ ಎಂಬ ದ್ರಾವಕದಲ್ಲಿಟ್ಟ ದಾಸ್ತಾನಿನಿಂದ ಬಳಸುವ ಹೊತ್ತಿಗೇ ತೆಳು ಮಾಡಿಕೊಳ್ಳಿ.